ವಸಂತಕ್ಕೆ ಮುನ್ನ ಮನೆಯ ಮರ: ಮಾಘ-ಫಾಲ್ಗುಣದಲ್ಲಿ ನಾವು ಮಾಡಬೇಕಾದ ಕೆಲಸ



ಫೆಬ್ರುವರಿ ತಿಂಗಳಲ್ಲಿ ಎಂ.ಕೆ. ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ಎರಡು ಸಂಗತಿ ಕಾಣುತ್ತವೆ. ಬೇವು, ಹೊಂಗೆ, ಕಾಡುಬಾದಾಮಿ ಮರಗಳು ಎಲೆ ಉದುರಿಸುತ್ತಿರುತ್ತವೆ. ಆ ಎಲೆಗಳನ್ನು ಗುಡಿಸಿ, ಅದೇ ಮರದ ಬುಡದಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಿರುತ್ತಾರೆ. ಮನೆ ಸ್ವಚ್ಛವಾಯಿತು ಎಂದು ನಮಗೆ ಸಮಾಧಾನ. ಮರದ ಲೆಕ್ಕದಲ್ಲಿ ಅದು ದೊಡ್ಡ ನಷ್ಟ.

ಎರಡು ತಿಂಗಳು ಕಳೆದ ಮೇಲೆ ಅಶ್ವಿನಿ, ಭರಣಿ ಮಳೆಗಳ ದಿನಗಳು ಬರುತ್ತವೆ. ಸಂಜೆ ಗಾಳಿ ಎದ್ದು ಒಣಗಿದ ಟೊಂಗೆಯೊಂದು ತಗಡಿನ ಮೇಲೆ ಬೀಳುತ್ತದೆ. ಮರುದಿನ ಮನೆಯಲ್ಲಿ ಮರ ಕಡಿಸುವ ಮಾತು ಶುರುವಾಗುತ್ತದೆ. 30 ವರ್ಷ ಬೆಳೆದ ಮರ ಅರ್ಧ ದಿನದಲ್ಲಿ ನೆಲಕ್ಕೆ ಬರುತ್ತದೆ. ಅಜ್ಜ-ಅಜ್ಜಿ ಹೊರಸು ಹಾಕಿಕೊಂಡು ಕೂರುತ್ತಿದ್ದ ನೆರಳು ಹೋಗುತ್ತದೆ. ಆ ಜಾಗದಲ್ಲಿ ಇನ್ನೊಂದು ಮರ ಬರಲು ಇನ್ನೂ 30 ವರ್ಷ ಬೇಕು.

ಹೀಗಾಗದಂತೆ ತಡೆಯುವ ಕೆಲಸಕ್ಕೆ ಹಣ ಬೇಡ, ಹೆಚ್ಚು ಸಮಯವೂ ಬೇಡ. ಆದರೆ ಅದನ್ನು ಮಾಘ-ಫಾಲ್ಗುಣದಲ್ಲಿ, ಎಂದರೆ ಚಿಗುರು ಒಡೆಯುವ ಮೊದಲೇ ಮಾಡಬೇಕು. ಆ ಕೆಲಸ ಏನು, ಏಕೆ ಎಂಬುದನ್ನು ನಿಮ್ಮ ಜೀವಶಾಸ್ತ್ರ, ರಸಾಯನಶಾಸ್ತ್ರದ ಪಾಠಗಳ ಜೊತೆಗೆ ಸೇರಿಸಿ ಈ ಲೇಖನದಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ವಸಂತ ಬೇರೆ

ಮೊಬೈಲಿನಲ್ಲಿ ಸಿಗುವ ಹೆಚ್ಚಿನ ಸಲಹೆಗಳು ಹಿಮ ಬೀಳುವ ದೇಶಗಳಿಗಾಗಿ ಬರೆದವು. ಅಲ್ಲಿ ವಸಂತ ಬರುವಾಗ ಹಿಮ ಕರಗಿ ನೆಲದ ತುಂಬ ನೀರಿರುತ್ತದೆ. ನಮ್ಮಲ್ಲಿ ವಸಂತ ಬರುವುದೇ ನೆಲ ಒಣಗಿದಾಗ. ಒಳ್ಳೆಯ ಮಳೆ ಅಕ್ಟೋಬರಿಗೇ ಮುಗಿದಿರುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ನಮ್ಮ ಊರಿನ ಪಕ್ಕದಲ್ಲೇ ಹರಿಯುವ ಮಲಪ್ರಭೆಯ ನೀರು ಗಂಗಾಂಬಿಕೆಯ ಐಕ್ಯಸ್ಥಳದ ಬಳಿ ಇಳಿದಿರುತ್ತದೆ. ಬೈಲಹೊಂಗಲ, ಸವದತ್ತಿ ಕಡೆಯ ಎರಿ ಭೂಮಿ ಬಿರುಕು ಬಿಟ್ಟಿರುತ್ತದೆ. ಹೀಗಿದ್ದೂ ಬೇವು ಯುಗಾದಿಯ ಹೊತ್ತಿಗೆ ಚಿಗುರಿ ಹೂ ಬಿಡುತ್ತದೆ. ಮಳೆಗೆ ಇನ್ನೂ ಎರಡು ತಿಂಗಳಿರುವಾಗಲೇ ಹೊಂಗೆ ಹಸಿರಾಗುತ್ತದೆ.

ಇದು ಹೇಗೆ? ಮೂರು ಕಾರಣಗಳಿವೆ. ಮೊದಲನೆಯದು, ಹಳೆಯ ಎಲೆ ಉದುರಿಸಿದ ಮೇಲೆ ಮರದಿಂದ ಆವಿಯಾಗಿ ಹೋಗುವ ನೀರು ತೀರ ಕಡಿಮೆಯಾಗುತ್ತದೆ. ಬೇರು ಆಳದಿಂದ ಎಳೆದ ನೀರು ಕಾಂಡದಲ್ಲೇ ಉಳಿದು ಮೊಗ್ಗುಗಳಿಗೆ ತಲುಪುತ್ತದೆ. ಎರಡನೆಯದು, ಮಳೆಗಾಲ ಮತ್ತು ಚಳಿಗಾಲದಲ್ಲಿ ಎಲೆಗಳು ತಯಾರಿಸಿದ ಆಹಾರದ ಒಂದು ಭಾಗ ಪಿಷ್ಟದ ರೂಪದಲ್ಲಿ ಕಾಂಡ, ಟೊಂಗೆ, ಬೇರುಗಳ ಜೀವಂತ ಕೋಶಗಳಲ್ಲಿ ಕೂಡಿಟ್ಟಿರುತ್ತದೆ. ಚಿಗುರು ಆ ಉಳಿತಾಯದಿಂದ ಬರುತ್ತದೆ. ಮೂರನೆಯದು ಹಗಲಿನ ಉದ್ದ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 10 ನಿಮಿಷ. ಮಾರ್ಚ್ ಕೊನೆಯ ವಾರಕ್ಕೆ ಅದು 12 ಗಂಟೆ ದಾಟಿರುತ್ತದೆ. ಒಣ ಪ್ರದೇಶದ ಅನೇಕ ಮರಗಳಿಗೆ ಮಳೆ ಬರುವ ಮೊದಲೇ ಚಿಗುರಲು ಹಗಲು ಹೆಚ್ಚುವುದೇ ಸೂಚನೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ.

ಆದ್ದರಿಂದ ಒಂದು ಮಾತು ನೆನಪಿಡಿ. ನಮ್ಮ ಮರ ವಸಂತವನ್ನು ಎದುರಿಸುವುದು ಹೊಸ ಗಳಿಕೆಯಿಂದಲ್ಲ, ಹಳೆಯ ಉಳಿತಾಯದಿಂದ. ನಾವು ಮಾಡುವ ಎಲ್ಲ ಸಿದ್ಧತೆಯ ಸಾರ, ಆ ಉಳಿತಾಯಕ್ಕೆ ಕೈ ಹಾಕದಿರುವುದು.

ಮರಕ್ಕೆ ಚಾಂದ್ರಮಾನವಿಲ್ಲ ಎಂಬುದನ್ನೂ ಇಲ್ಲಿ ಗಮನಿಸಿ. ಹಿಜರಿ ವರ್ಷ ಸುಮಾರು 354 ದಿನದ್ದು. ಆದ್ದರಿಂದ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಮರ ನೋಡುವುದು ಸೂರ್ಯನನ್ನು. ನಮ್ಮ ರೈತರು ಎಣಿಸುವ ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕದವೇ. ಅದಕ್ಕೇ ಮಿರಗದ ಮಳೆ ಪ್ರತಿ ವರ್ಷ ಜೂನ್ ಮೊದಲ ವಾರದ ಆಚೀಚೆಯೇ ಕೂಡುತ್ತದೆ. ಮರದ ಕೆಲಸಕ್ಕೂ ಈ ಲೆಕ್ಕವನ್ನೇ ಹಿಡಿಯಬೇಕು.

ಮೊದಲನೆಯ ಕೆಲಸ: ಎಲೆ ಸುಡಬೇಡಿ

ಎಲೆ ತಾನಾಗಿ ಬೀಳುವುದಿಲ್ಲ, ಮರ ಅದನ್ನು ಬೀಳಿಸುತ್ತದೆ. ಎಲೆಯ ತೊಟ್ಟಿನ ಬುಡದಲ್ಲಿ ಬೇರ್ಪಡಿಕೆ ಪದರ ಎಂಬ ತೆಳುವಾದ ಕೋಶಗಳ ಸಾಲು ಸಡಿಲಗೊಳ್ಳುತ್ತದೆ. ಆಕ್ಸಿನ್ ಕಡಿಮೆಯಾಗಿ ಎಥಿಲೀನ್ ಪ್ರಭಾವ ಹೆಚ್ಚಿದಾಗ ಹೀಗಾಗುತ್ತದೆ ಎಂಬುದನ್ನು ನೀವು ಪ್ರಥಮ ಪಿಯುಸಿಯ ಸಸ್ಯ ಬೆಳವಣಿಗೆಯ ಪಾಠದಲ್ಲಿ ಓದಿದ್ದೀರಿ. ಎಲೆ ಕಳಚುವ ಮೊದಲು ಮರ ಅದರಲ್ಲಿನ ಸಾರಜನಕ, ರಂಜಕಗಳಲ್ಲಿ ಸರಾಸರಿ ಅರ್ಧದಷ್ಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಉಳಿದರ್ಧ ಮತ್ತು ಬಹುಪಾಲು ಕ್ಯಾಲ್ಸಿಯಂ ಎಲೆಯಲ್ಲೇ ನೆಲಕ್ಕೆ ಬೀಳುತ್ತದೆ. ಅದು ಕೊಳೆತು ಮತ್ತೆ ಬೇರಿಗೆ ಸೇರಬೇಕು. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮಣ್ಣಿಗೆ ಬೇಕಾದ ಇಂಗಾಲವೂ ಹೋಗುತ್ತದೆ, ಉಳಿಯುವುದು ಹಿಡಿ ಬೂದಿ. ದಮ್ಮು ಇರುವವರಿಗೆ ಆ ಹೊಗೆಯಿಂದ ಆಗುವ ತೊಂದರೆ ಬೇರೆ.

ಬೆಂಕಿಯಿಂದ ಇನ್ನೊಂದು ಹಾನಿಯಿದೆ. ತೊಗಟೆಯ ಒಳಗಿರುವ ಕೇಂಬಿಯಂ ಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಒಂದು ನಿಮಿಷ ತಾಳುವುದೂ ಕಷ್ಟ. ಬುಡದಲ್ಲಿ ಹಚ್ಚಿದ ಬೆಂಕಿ ಅದಕ್ಕಿಂತ ಬಹಳ ಹೆಚ್ಚು ಬಿಸಿ. ಒಂದು ಪಕ್ಕದ ಕೇಂಬಿಯಂ ಸತ್ತರೆ ಆ ಭಾಗದ ತೊಗಟೆ ಒಂದೆರಡು ವರ್ಷದಲ್ಲಿ ಕಳಚಿ, ಒಳಗಿನ ಕಟ್ಟಿಗೆ ಕೊಳೆಯತೊಡಗುತ್ತದೆ. ಗಾಳಿಗೆ ಬುಡಸಮೇತ ಉರುಳುವ ಮರಗಳನ್ನು ನೋಡಿದಾಗಲೆಲ್ಲ ನಾನು ಬುಡದ ಸುಟ್ಟ ಕಲೆಯನ್ನು ಹುಡುಕುತ್ತೇನೆ. ಅದು ಎಷ್ಟೋ ಸಲ ಸಿಗುತ್ತದೆ.

ಹಾಗಾದರೆ ಎಲೆ ಏನು ಮಾಡಬೇಕು? ಮರದ ಸುತ್ತ ಒಂದು ಮೀಟರ್‌ ಅಥವಾ ಅದಕ್ಕೂ ಹೆಚ್ಚು ಅಗಲಕ್ಕೆ ಪಾತಿ ಮಾಡಿ, ಅದರಲ್ಲಿ 3-4 ಇಂಚು ದಪ್ಪ ಎಲೆ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ, ತಾಗಿದರೆ ತೊಗಟೆ ಕೊಳೆಯುತ್ತದೆ. ಗಾಳಿಗೆ ಹಾರದಂತೆ ಮೇಲೆ ಎರಡು ಬುಟ್ಟಿ ಮಣ್ಣು ಎರಚಿ, ಸ್ವಲ್ಪ ನೀರು ಚಿಮುಕಿಸಿ. ಎಲೆ ಸಾಲದಿದ್ದರೆ ಕಬ್ಬಿನ ರವದಿ ನಮ್ಮ ಭಾಗದಲ್ಲಿ ಬೇಕಾದಷ್ಟು ಸಿಗುತ್ತದೆ. ಹೊಲದಲ್ಲಿ ಅದನ್ನೂ ಸುಡುತ್ತಾರೆ. ಸುಡುವ ಮೊದಲು ಒಂದು ಹೊರೆ ಕೇಳಿ ತನ್ನಿ.

ಎರಿ ಮಣ್ಣಿನಲ್ಲಿ ಈ ಹೊದಿಕೆಯ ಉಪಯೋಗ ಇನ್ನೂ ಹೆಚ್ಚು. ಬಿರುಕು ಬಿಟ್ಟಾಗ ಸಣ್ಣ ಬೇರುಗಳು ಹರಿಯುತ್ತವೆ, ಬಿರುಕಿನ ಮೂಲಕ ಆಳದ ಹಸಿಯೂ ಆರುತ್ತದೆ. ಹಿಂಗಾರಿ ಬಿಳಿಜೋಳದಲ್ಲಿ ನಮ್ಮ ರೈತರು ಎಡೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಲ್ಲ, ಬಿರುಕು ಮುಚ್ಚಿ ಹಸಿ ಉಳಿಸಲಿಕ್ಕೂ ಹೌದು. ಹೊಲದಲ್ಲಿ ಕುಂಟೆ ಮಾಡುವ ಕೆಲಸವನ್ನು ಹಿತ್ತಲಿನಲ್ಲಿ ಎಲೆಯ ಹೊದಿಕೆ ಮಾಡುತ್ತದೆ.

ಗೆದ್ದಲು ಬರುತ್ತದೆ, ಹುಳ-ಹುಪ್ಪಡಿ ಸೇರುತ್ತವೆ ಎಂದು ಮನೆಯವರು ಹೇಳಬಹುದು. ಅದಕ್ಕೆ ಗೋಡೆ ಮತ್ತು ಬಾಗಿಲಿನಿಂದ ದೂರ ಇರುವ ಮರಗಳಿಗಷ್ಟೇ ಹೊದಿಕೆ ಹಾಕಿ. ಗೆದ್ದಲು ಮುಖ್ಯವಾಗಿ ತಿನ್ನುವುದು ಸತ್ತ ಕಟ್ಟಿಗೆ, ಸತ್ತ ತೊಗಟೆಯನ್ನು. ಕಾಂಡದ ಮೇಲೆ ಮಣ್ಣಿನ ಗೂಡು ಕಂಡರೆ ಬ್ರಷ್‌ನಿಂದ ಕೆರೆದು ತೆಗೆಯಿರಿ.

ಎರಡನೆಯ ಕೆಲಸ: ಬುಡ ಬಿಡಿಸಿ

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬೇರಿನ ಕೋಶಗಳು ಉಸಿರಾಡಲು ಮಣ್ಣಿನ ರಂಧ್ರಗಳಲ್ಲಿನ ಆಮ್ಲಜನಕವನ್ನು ಬಳಸುತ್ತವೆ. ಅಂಗಳಕ್ಕೆ ಫರಸಿ ಹಾಸುವಾಗ, ಸಿಮೆಂಟು ಹಾಕುವಾಗ ಕಾಂಡದ ತನಕ ಮುಚ್ಚಿಬಿಡುತ್ತೇವೆ. ಮರ ಅಂದೇ ಸಾಯುವುದಿಲ್ಲ, ನಾಲ್ಕಾರು ವರ್ಷ ಸೊರಗುತ್ತದೆ. ತುದಿಯಿಂದ ಟೊಂಗೆಗಳು ಒಣಗುತ್ತ ಬರುತ್ತವೆ. ಆಗ ಅದಕ್ಕೆ ವಯಸ್ಸಾಯಿತು ಎನ್ನುತ್ತೇವೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಮಾಡಬೇಕಾಯಿತು. ನಮ್ಮ ಅಂಗಳದಲ್ಲಿ ಆದೇಶಕ್ಕೆ ಕಾಯಬೇಕಿಲ್ಲ. ಮರದ ಸುತ್ತಲಿನ ನಾಲ್ಕು ಫರಸಿ ಎಬ್ಬಿಸಿದರೆ ಸಾಕು.

ಇದೇ ಹೊತ್ತಿಗೆ ಕಾಂಡವನ್ನೂ ಸುತ್ತಿ ನೋಡಿ. ಬಟ್ಟೆ ಒಣಹಾಕಲು ಕಟ್ಟಿದ ತಂತಿ, ಬೋರ್ಡಿಗೆ ಹೊಡೆದ ಮೊಳೆ, ಸಸಿಯಿದ್ದಾಗ ಆಸರೆಗೆ ಬಿಗಿದ ಹಗ್ಗ ಇರುತ್ತವೆ. ಎಲೆ ತಯಾರಿಸಿದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಭಾಗದ ಫ್ಲೋಯೆಮ್ ಮೂಲಕ. ಕಾಂಡ ದಪ್ಪವಾದಂತೆ ತಂತಿ ಫ್ಲೋಯೆಮನ್ನು ಹಿಸುಕುತ್ತದೆ, ಬೇರಿಗೆ ಊಟ ತಲುಪುವುದಿಲ್ಲ. ತಂತಿ ಸಡಿಲವಾಗಿದ್ದರೆ ಕತ್ತರಿಸಿ ತೆಗೆಯಿರಿ. ಕಟ್ಟಿಗೆಯೊಳಗೆ ಪೂರ್ತಿ ಹೂತಿದ್ದರೆ ಎಳೆಯಬೇಡಿ, ಹೊರಗೆ ಕಾಣುವಷ್ಟನ್ನೇ ತುಂಡು ಮಾಡಿ.

ಮೂರನೆಯ ಕೆಲಸ: ಕತ್ತರಿಸುವುದು, ಆದರೆ ಬೋಳಿಸುವುದಲ್ಲ

ಎಲೆ ಇಲ್ಲದ ದಿನಗಳಲ್ಲಿ ಮರದ ಎಲುಬು ಕಾಣುತ್ತದೆ. ಯಾವುದು ಒಣಗಿದೆ, ಯಾವುದು ಸೀಳಿದೆ, ಎಲ್ಲಿ ಬದನಿಕೆ ಹತ್ತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಟೊಂಗೆ ಸತ್ತಿದೆಯೇ ಎಂಬ ಸಂಶಯವಿದ್ದರೆ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ಬೇವಿನ ಮರಕ್ಕೆ ಈ ಪರೀಕ್ಷೆ ಅಗತ್ಯ. ಒಂದು ಶಿಲೀಂಧ್ರದಿಂದ ಬೇವಿನ ತುದಿಗಳು ಕಂದಾಗಿ ಒಣಗುವ ರೋಗವಿದೆ. ಮರ ಪೂರ್ತಿ ಸತ್ತಂತೆ ಕಾಣುತ್ತದೆ, ಜನ ಕಡಿದುಬಿಡುತ್ತಾರೆ. ಅಂಥ ಮರಗಳಲ್ಲಿ ಹೆಚ್ಚಿನವು ವಸಂತದಲ್ಲಿ ಮತ್ತೆ ಚಿಗುರುತ್ತವೆ. ಆದ್ದರಿಂದ ಏಪ್ರಿಲ್ ಮುಗಿಯುವ ತನಕ ಯಾವ ಬೇವನ್ನೂ ಸತ್ತಿದೆ ಎಂದು ತೀರ್ಮಾನಿಸಬೇಡಿ.

ತೆಗೆಯಬೇಕಾದ್ದು ಇಷ್ಟೇ: ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವುದು, ತಗಡಿನ ಮೇಲೆ ಬಾಗಿದ್ದು, ಬದನಿಕೆ ಹತ್ತಿದ್ದು. ಬದನಿಕೆಯನ್ನು ಅದು ಅಂಟಿಕೊಂಡ ಜಾಗಕ್ಕಿಂತ ಒಂದಡಿ ಕೆಳಗೆ, ಟೊಂಗೆಸಮೇತ ತೆಗೆಯಬೇಕು. ಜೀವಂತ ಟೊಂಗೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ವರ್ಷ ತೆಗೆಯಬಾರದು.

ಮರದ ತಲೆಯನ್ನೇ ಕಡಿದು ಬೋಳಿಸುವ ರೂಢಿ ನಮ್ಮಲ್ಲಿದೆ. ಬೇಗ ಚಿಗುರುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಚಿಗುರುವುದು ನಿಜ. ತುದಿಮೊಗ್ಗು ಹೋದಾಗ ಅಗ್ರಪ್ರಾಬಲ್ಯ ತಪ್ಪಿ, ಮಲಗಿದ್ದ ಮೊಗ್ಗುಗಳೆಲ್ಲ ಒಮ್ಮೆಗೆ ಏಳುತ್ತವೆ. ಆದರೆ ಟೊಂಗೆಗಳ ಜೊತೆ ಅವುಗಳಲ್ಲಿದ್ದ ಪಿಷ್ಟವೂ ಹೋಗಿರುತ್ತದೆ. ಉಳಿದ ಅಲ್ಪ ಆಹಾರವನ್ನು ಆ ಚಿಗುರಿನ ಗುಂಪು ತಿಂದು ಮುಗಿಸುತ್ತದೆ. ಹೊಸ ಟಿಸಿಲುಗಳು ಹೊರಪದರಕ್ಕಷ್ಟೇ ಅಂಟಿಕೊಂಡಿರುವುದರಿಂದ ಎರಡು-ಮೂರು ವರ್ಷದಲ್ಲಿ ಅವೇ ಗಾಳಿಗೆ ಸೀಳಿ ಬೀಳುತ್ತವೆ. ನೆರಳಿಲ್ಲದ ಕಾಂಡಕ್ಕೆ ಏಪ್ರಿಲ್ ಬಿಸಿಲು ನೇರವಾಗಿ ಬಡಿದು ತೊಗಟೆ ಬಿರಿಯುತ್ತದೆ. ಅಪಾಯ ತಪ್ಪಿಸಲು ಬೋಳಿಸಿದ ಮರವೇ ಮುಂದೆ ಹೆಚ್ಚು ಅಪಾಯದ್ದಾಗುತ್ತದೆ.

ಕತ್ತರಿಸುವ ಜಾಗವೂ ಮುಖ್ಯ. ಟೊಂಗೆ ಕಾಂಡಕ್ಕೆ ಸೇರುವಲ್ಲಿ ತುಸು ಉಬ್ಬಿದ ಉಂಗುರದಂಥ ಭಾಗವಿರುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಗಾಯವನ್ನು ಮುಚ್ಚುವ ಕೋಶಗಳಿರುವುದು ಈ ಉಂಗುರದಲ್ಲೇ ಎಂದು ತೋರಿಸಿದರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಹಾನಿಯಾದ ಭಾಗಕ್ಕೆ ಒಳಗೆ ಗೋಡೆ ಕಟ್ಟಿ, ಹೊರಗಿನಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಆದ್ದರಿಂದ ಉಂಗುರವನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಮೊಳದುದ್ದ ಮೋಟು ಬಿಡಲೂ ಬಾರದು, ಕಾಂಡಕ್ಕೆ ಸಮವಾಗಿ ಕೆತ್ತಲೂ ಬಾರದು.

ದಪ್ಪ ಟೊಂಗೆಯಾದರೆ ಮೂರು ಕೊಯ್ತ ಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಆಮೇಲೆ ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ ಕೊಯ್ಯಿರಿ. ಟೊಂಗೆ ತೊಗಟೆ ಸೀಳದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ಉಂಗುರದ ಹೊರಗೆ ತೆಗೆಯಿರಿ. ಕೊಡಲಿ ಬೇಡ, ಗರಗಸ ಬಳಸಿ.

ಸಣ್ಣ ಗಾಯಕ್ಕೆ ಏನೂ ಹಚ್ಚಬೇಕಿಲ್ಲ. ಮಾವು, ನಿಂಬೆಯ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವ ಪದ್ಧತಿಯಿದೆ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ 1885ರ ಸುಮಾರಿಗೆ ದ್ರಾಕ್ಷಿಯ ರೋಗಕ್ಕೆಂದು ಮಿಲಾರ್ಡೆ ಎಂಬ ವಿಜ್ಞಾನಿ ಪ್ರಚಾರಕ್ಕೆ ತಂದ ಮಿಶ್ರಣ ಇದು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೂರನೆಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿ ಕಲಕಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ಸರಿಯಾಗಿದೆಯೇ ಎಂದು ನೋಡಲು ಒಂದು ಕುಡಗೋಲಿನ ತುದಿಯನ್ನು ಅದ್ದಿ. ಅದರ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಸ್ಥಾನಪಲ್ಲಟ ಮಾಡುತ್ತದೆ ಎಂದು ಹತ್ತನೆಯ ತರಗತಿಯಲ್ಲಿ ನೋಡಿದ ಪ್ರಯೋಗವೇ ಇದು. ಮೈಲುತುತ್ತ ವಿಷ. ಕೈಗವಸು ಹಾಕಿಕೊಳ್ಳಿ, ಚಿಕ್ಕ ಮಕ್ಕಳಿಂದ ದೂರವಿಡಿ.

ವಿದ್ಯುತ್ ತಂತಿಗೆ ತಾಗಿದ ಟೊಂಗೆಗೆ ಯಾರೂ ಕೈ ಹಾಕಕೂಡದು. ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಿ. ಎತ್ತರದ ಟೊಂಗೆಗೆ ನೀವು ಹತ್ತಬೇಡಿ, ಅನುಭವವಿರುವವರನ್ನು ಕರೆಯಿರಿ. ಇಡೀ ಮರ ಕಡಿಯುವುದಾದರೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ನಮ್ಮ ಹಿತ್ತಲಿನದೇ ಆದರೂ ಈ ನಿಯಮ ಅನ್ವಯಿಸುತ್ತದೆ.

ನಾಲ್ಕನೆಯ ಕೆಲಸ: ನೀರಿನ ದಾರಿ ತಿರುಗಿಸಿ

ಬೇರೂರಿದ ಬೇವು, ಹೊಂಗೆಗೆ ನೀರು ಬೇಡ, ಹೊದಿಕೆ ಸಾಕು. ಮೂರು ವರ್ಷದೊಳಗಿನ ಗಿಡಗಳಿಗೆ ಬೇಕು. ದಿನಾ ಒಂದು ತಂಬಿಗೆ ಹಾಕುವುದಕ್ಕಿಂತ ವಾರಕ್ಕೊಮ್ಮೆ ಎರಡು ಕೊಡ ನಿಧಾನವಾಗಿ ಹಾಕುವುದು ಮೇಲು. ತಂಬಿಗೆ ನೀರು ಮೇಲೆಯೇ ಆರಿ, ಬೇರುಗಳೂ ಮೇಲೆಯೇ ಉಳಿಯುತ್ತವೆ. ಕೊಡದ ನೀರು ಆಳಕ್ಕಿಳಿದು ಬೇರನ್ನೂ ಆಳಕ್ಕೆ ಕರೆದೊಯ್ಯುತ್ತದೆ. ಕಾಂಡದ ಬುಡಕ್ಕಲ್ಲ, ಟೊಂಗೆಗಳ ತುದಿಯ ನೆರಳು ಬೀಳುವಲ್ಲಿ ಹಾಕಿ. ನೀರು ಹೀರುವ ಎಳೆಯ ಬೇರುಗಳು ಹೆಚ್ಚಾಗಿ ಅಲ್ಲಿರುತ್ತವೆ.

ನೀರು ಎಲ್ಲಿಂದ ತರುವುದು? ನಮ್ಮ ಮನೆಗಳಲ್ಲಿ, ಮಸೀದಿಗಳಲ್ಲಿ ದಿನಕ್ಕೆ ಐದು ಹೊತ್ತು ವುಜೂ ನಡೆಯುತ್ತದೆ. ಆ ನೀರಿನಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ಅದು ಗಟಾರಕ್ಕೆ ಹೋಗುವ ಬದಲು ಒಂದು ಚಿಕ್ಕ ಕಾಲುವೆ ಅಥವಾ ಪೈಪಿನಿಂದ ಮರದ ಪಾತಿಗೆ ಹೋಗಬಹುದು. ಪ್ರವಾದಿ ಮುಹಮ್ಮದ್ (ಸ) ಅವರು ಒಂದು ಮುದ್ದ್, ಎಂದರೆ ಮುಕ್ಕಾಲು ಲೀಟರಿನ ಆಸುಪಾಸಿನ ನೀರಿನಲ್ಲಿ ವುಜೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ಒಬ್ಬನು ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾವುದು ತಿಂದರೂ ಅದು ನೆಟ್ಟವನ ಪಾಲಿಗೆ ಸದಕಾ ಎಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ನೀರನ್ನು ಉಳಿಸಿ ಮರವನ್ನು ಉಳಿಸುವುದು ಈ ಎರಡನ್ನೂ ಒಟ್ಟಿಗೆ ಪಾಲಿಸಿದಂತೆ. ಯುಗಾದಿಯ ಬೆಳಗ್ಗೆ ಓಣಿಯವರು ಬೇವಿನ ಹೂ ಕೇಳಿಕೊಂಡು ನಿಮ್ಮ ಹಿತ್ತಲಿಗೇ ಬಂದರೆ ಆ ಸದಕಾ ಇನ್ನೂ ವಿಸ್ತಾರವಾಯಿತು ಎಂದೇ ತಿಳಿಯಿರಿ.

ಮಾವಿಗೆ ಬೇರೆ ನಿಯಮ

ಕಿತ್ತೂರು, ಧಾರವಾಡದ ಮಸಾರಿ ಭೂಮಿಯಲ್ಲಿ ಆಪೂಸು ಇಲ್ಲದ ಹಿತ್ತಲು ಕಡಿಮೆ. ಬೇವಿಗೆ ಹೇಳಿದ್ದನ್ನು ಮಾವಿಗೆ ಹಾಗೆಯೇ ಮಾಡಬೇಡಿ. ಮಾವು ಎಲ್ಲ ಎಲೆ ಉದುರಿಸುವುದಿಲ್ಲ. ಫೆಬ್ರುವರಿಯಲ್ಲಿ ಅದು ಹೂವು, ಮಿಡಿಯ ಹೊತ್ತಿನಲ್ಲಿರುತ್ತದೆ. ಈಗ ಒಣಗಿದ ಟೊಂಗೆ ಬಿಟ್ಟು ಬೇರೇನೂ ಕತ್ತರಿಸಬಾರದು, ಸವರುವುದು ಹಣ್ಣು ಇಳಿಸಿದ ಮೇಲೆ. ಹೂ ಬರುವ ಮೊದಲು ಹೆಚ್ಚು ನೀರು ಕೊಟ್ಟರೆ ಹೂವಿನ ಬದಲು ಎಲೆ ಬರುತ್ತದೆ. ಮಿಡಿ ಬಟಾಣಿ ಕಾಳಿನಷ್ಟಾದ ಮೇಲೆ ನೀರು ಕೊಡಿ. ಹೂ ಅರಳಿದಾಗ ಕೀಟನಾಶಕ ಸಿಂಪಡಿಸಬೇಡಿ, ಪರಾಗಸ್ಪರ್ಶ ಮಾಡುವ ನೊಣ, ಜೇನ್ನೊಣ ಸಾಯುತ್ತವೆ. ಎಲೆಯ ಮೇಲೆ ಅಂಟಂಟಾಗಿ, ಅದರ ಮೇಲೆ ಕಪ್ಪು ಮಸಿ ಕೂತರೆ ಅದು ಜಿಗಿಹುಳುವಿನ ಗುರುತು. ಹತ್ತಿರದ ತೋಟಗಾರಿಕೆ ಇಲಾಖೆ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಎಲೆ ತೋರಿಸಿ ಸಲಹೆ ಪಡೆಯಿರಿ.

ಪರೀಕ್ಷೆಯ ದಿನಗಳಲ್ಲಿ ಇದೆಲ್ಲ ಹೇಗೆ?

ಫೆಬ್ರುವರಿ, ಮಾರ್ಚ್ ನಿಮಗೆ ಓದಿನ ತಿಂಗಳು ಎಂಬುದು ನನಗೆ ಗೊತ್ತು. ಒಂದು ಭಾನುವಾರ ಎಲೆ ಹರಡಿ ಪಾತಿ ಮಾಡುವುದು, ಇನ್ನೊಂದು ಭಾನುವಾರ ತಂತಿ-ಫರಸಿ ತೆಗೆದು ಒಣ ಟೊಂಗೆ ನೋಡುವುದು, ಇಷ್ಟೇ ಕೆಲಸ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಮರ ಯಾವಾಗ ನೆಟ್ಟದ್ದು, ಯಾವ ಟೊಂಗೆ ಯಾವಾಗ ಮುರಿಯಿತು ಎಂಬುದು ಅವರಿಗೇ ಗೊತ್ತಿರುತ್ತದೆ.

ಮನೆಯಲ್ಲಿ ಮಾಡಿ ನೋಡಿ

1. ನಿಮ್ಮ ಮಸೀದಿಯ ನಮಾಜ್ ವೇಳಾಪಟ್ಟಿಯಲ್ಲಿ ಡಿಸೆಂಬರ್ 22, ಫೆಬ್ರುವರಿ 1 ಮತ್ತು ಮಾರ್ಚ್ 21ರ ಸೂರ್ಯೋದಯ ಹಾಗೂ ಮಗ್ರಿಬ್ ಸಮಯ ಬರೆದುಕೊಳ್ಳಿ. ಹಗಲು ಎಷ್ಟು ನಿಮಿಷ ಹೆಚ್ಚಿತು? ಓಣಿಯ ಬೇವು ಮೊದಲ ಚಿಗುರು ಬಿಟ್ಟ ದಿನದ ಹಗಲು ಎಷ್ಟು ಉದ್ದವಿತ್ತು?

2. ಹೊದಿಕೆ ಹಾಕಿದ ಮತ್ತು ಹಾಕದ ಎರಡು ಜಾಗಗಳಲ್ಲಿ ಮಧ್ಯಾಹ್ನ 2 ಗಂಟೆಗೆ ನಾಲ್ಕು ಇಂಚು ಆಳದ ಮಣ್ಣನ್ನು ಕೈಯಲ್ಲಿ ಹಿಡಿದು ಉಂಡೆ ಕಟ್ಟಿ. ಯಾವುದು ಉಂಡೆಯಾಗುತ್ತದೆ, ಯಾವುದು ಪುಡಿಯಾಗುತ್ತದೆ?

3. ಬೇವಿನ ಬೆರಳು ದಪ್ಪದ ಟಿಸಿಲನ್ನು ಚಿಗುರುವ ಮೊದಲು ಒಮ್ಮೆ, ಚಿಗುರು ಬಲಿತ ಮೇಲೆ ಒಮ್ಮೆ ಅಡ್ಡಕ್ಕೆ ಕತ್ತರಿಸಿ, ಪ್ರಯೋಗಾಲಯದಲ್ಲಿ ಅಯೋಡಿನ್ ಹನಿ ಹಾಕಿ. ನೀಲಿಗಪ್ಪು ಬಣ್ಣದಲ್ಲಿ ವ್ಯತ್ಯಾಸವಿದೆಯೇ? ಮರದ ಉಳಿತಾಯ ಎಲ್ಲಿಗೆ ಹೋಯಿತು?

4. ವುಜೂ ಮಾಡುವಾಗ ನಲ್ಲಿಯ ಕೆಳಗೆ ಬಕೆಟ್ ಇಟ್ಟು ನೀರನ್ನು ಅಳೆಯಿರಿ. ನಿಮ್ಮ ಮನೆಯವರೆಲ್ಲರ ಒಂದು ದಿನದ ವುಜೂ ನೀರಿನಿಂದ ವಾರಕ್ಕೆ ಎಷ್ಟು ಸಸಿಗಳಿಗೆ ಎರಡೆರಡು ಕೊಡ ಹಾಕಬಹುದು?

ಉತ್ತರಗಳನ್ನು ಬರೆದು ಜೀವಶಾಸ್ತ್ರ ವಿಭಾಗಕ್ಕೆ ಕೊಡಿ. ಬೇರೆ ಬೇರೆ ಓಣಿಗಳ, ಎರಿ ಮತ್ತು ಮಸಾರಿ ಮಣ್ಣಿನ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡೋಣ.